ತುರ್ತು ಇನ್ನೂ ಬಂದಿಲ್ಲ

ಮನೆಯಲ್ಲಿ ನೂರಕ್ಕೆ ನೂರು ತುಂಬಿಕೊಂಡ, ಪವರ್ ಸ್ಟೇಷನ್ ಎಂಬ ದೊಡ್ಡ ಬ್ಯಾಟರಿ ಪೆಟ್ಟಿಗೆ ಹಸಿರು ಅಂಕಿಗಳನ್ನು ಮಿನುಗಿಸುತ್ತ ಕುಳಿತಿರುವಾಗ, ಅದರ ಪಕ್ಕದಲ್ಲೇ ಮೇಣದಬತ್ತಿ ಹಚ್ಚಿಕೊಂಡು ಊಟ ಮಾಡುವ ಯೋಗ ಎಷ್ಟು ಮಂದಿಗೆ ಒದಗಿದೆಯೋ ತಿಳಿಯದು. ನಿನ್ನೆ ರಾತ್ರಿ ನಮಗಂತೂ ಒದಗಿತು. ಎಂಟು ಗಂಟೆಗೆ ಹೋದ ಕರೆಂಟು ಬಂದದ್ದು ಹತ್ತು ದಾಟಿದ ಮೇಲೆ. ಅಷ್ಟು ಹೊತ್ತೂ ಆ ಪೆಟ್ಟಿಗೆಯಿಂದ ನಮಗಾದ ಏಕೈಕ ಉಪಕಾರವೆಂದರೆ, ಅದರ ಪರದೆಯ ಮಂದ ಬೆಳಕಿನಲ್ಲಿ ಅತ್ತಿಗೆಗೆ ಬೆಂಕಿಪೊಟ್ಟಣ ಸಿಕ್ಕಿದ್ದು. ದೀಪ ಹತ್ತಿಕೊಂಡೊಡನೆ ಅಣ್ಣ ಎದ್ದು, ಪರದೆಯತ್ತ ಬಾಗಿ, "ನೋಡಿದಿರಾ, ಒಂದು ಪಾಯಿಂಟೂ ಇಳಿದಿಲ್ಲ" ಎಂದು ಘೋಷಿಸಿದ. ಎರಡು ಗಂಟೆ ಬೆವರು ಒರೆಸಿಕೊಂಡು ಸುಸ್ತಾಗಿದ್ದ ನಮ್ಮಲ್ಲಿ ಯಾರಿಗೂ ಅವನನ್ನು ಅಭಿನಂದಿಸುವ ತ್ರಾಣ ಉಳಿದಿರಲಿಲ್ಲ.

ಕರೆಂಟು ಹೋಗಿದ್ದಕ್ಕಿಂತ, ಅದು ಹೋದಾಗ ಏನು ಮಾಡಬೇಕೆಂಬ ಚರ್ಚೆಯೇ ನಮ್ಮ ಮನೆಯಲ್ಲಿ ಹೆಚ್ಚು ಕಾಲ ನಡೆದಿತ್ತು. ಪೆಟ್ಟಿಗೆ ಕೊಳ್ಳುವ ಮೊದಲು ಅಣ್ಣ ಅಂಥವುಗಳದೊಂದು ದೊಡ್ಡ ಕೋಷ್ಟಕ ಮಾಡಿ, ಊಟದ ಹೊತ್ತಿನಲ್ಲಿ ಅದನ್ನು ನಮಗೆ ಕಂತುಕಂತಾಗಿ ಬಡಿಸುತ್ತಿದ್ದ. ಜಾಹೀರಾತಿನಲ್ಲಿ ದೊಡ್ಡದಾಗಿ ಅಚ್ಚಾದ 1000 ಎಂಬ ಅಂಕಿ ವಾಟೋ ವಾಟ್-ಅವರೋ ಎಂಬುದನ್ನು ಅರಿಯಲು ಕನ್ನಡಕ ಬದಲಿಸಿ ಕೆಳಗಿನ ಸಣ್ಣ ಅಕ್ಷರಗಳನ್ನು ಓದಬೇಕಾಗುತ್ತದೆ ಎಂಬುದು ಅವನ ಮೊದಲ ಪಾಠ. ಪೆಟ್ಟಿಗೆ ಒಮ್ಮೆಗೆ ಎಷ್ಟು ದೊಡ್ಡ ಉಪಕರಣವನ್ನು ನಡೆಸಬಲ್ಲದು ಎಂಬುದನ್ನು ವಾಟ್ ಹೇಳಿದರೆ, ಒಟ್ಟು ಎಷ್ಟು ವಿದ್ಯುತ್ತು ಅದರೊಳಗೆ ಕೂಡಿಟ್ಟಿದೆ ಎಂಬುದನ್ನು ವಾಟ್-ಅವರ್ ಹೇಳುತ್ತದೆ. ಯಾವುದು ದೊಡ್ಡದೋ ಅದನ್ನು ಜಾಹೀರಾತು ಮೊದಲು ಹೇಳುತ್ತದೆ. ಇವೆರಡೂ ಸಾಲದೆಂಬಂತೆ ಮೂರನೆಯದೊಂದು ಅಂಕಿಯೂ ಉಂಟು. ಅದು ಫ್ರಿಜ್‌ನಂಥ ಮೋಟಾರಿನ ಉಪಕರಣಗಳು ಚಾಲೂ ಆಗುವ ಗಳಿಗೆಯಲ್ಲಿ ಎಳೆಯುವ ವಿಪರೀತ ಶಕ್ತಿಯನ್ನು ಕ್ಷಣಮಾತ್ರ ತಾಳಿಕೊಳ್ಳುವ ಸಾಮರ್ಥ್ಯ. ಕೆಲವು ಕಂಪನಿಗಳು ಈ ಕ್ಷಣಮಾತ್ರದ ಪರಾಕ್ರಮವನ್ನೇ ಶಾಶ್ವತವೆಂಬಂತೆ ತಲೆಬರಹದಲ್ಲಿ ಹಾಕಿಕೊಳ್ಳುತ್ತವೆ. ಇನ್ನು ಕೆಲವು ತಮ್ಮ ಪೆಟ್ಟಿಗೆಯನ್ನು ಸೋಲಾರ್ ಜನರೇಟರ್ ಎಂದು ಕರೆದು, ಹಸಿರು ಗುಡ್ಡದ ಮೇಲೆ ಸೌರಫಲಕ ಹರಡಿದ ಚಿತ್ರವನ್ನೂ ಕೊಟ್ಟು, ಆ ಫಲಕವನ್ನು ಬೇರೆಯಾಗಿಯೇ ಕೊಳ್ಳಬೇಕೆಂಬ ಸಂಗತಿಯನ್ನು ಕೊನೆಯ ಸಾಲಿಗೆ ತಳ್ಳುತ್ತವೆ. ಕೊಂಡರೂ, 100 ವಾಟಿನ ಫಲಕ ಒಳ್ಳೆಯ ಬಿಸಿಲಿನಲ್ಲೂ ಸಾಮಾನ್ಯವಾಗಿ 60–70 ವಾಟಿಗೇ ನಿಲ್ಲುತ್ತದೆ.

ಬ್ಯಾಟರಿಯ ಜಾತಿಯನ್ನು ಆರಿಸುವಾಗ ಅಣ್ಣ ವಿಶೇಷ ಶ್ರದ್ಧೆ ತೋರಿದ. ತೂಕ ಹೆಚ್ಚಾದರೂ ಆಯುಷ್ಯ ಹೆಚ್ಚೆಂಬ ಕಾರಣಕ್ಕೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯೇ ಬೇಕೆಂದು ಪಟ್ಟು ಹಿಡಿದ. ಸಾವಿರಾರು ಬಾರಿ ತುಂಬಿ ಬರಿದು ಮಾಡಿದರೂ ಅದು ತನ್ನ ಸಾಮರ್ಥ್ಯದ ಬಹುಭಾಗವನ್ನು ಉಳಿಸಿಕೊಳ್ಳುತ್ತದೆ, ಬೇಗನೆ ಬೆಂಕಿ ಹತ್ತಿಕೊಳ್ಳುವ ಸ್ವಭಾವವೂ ಅದಕ್ಕಿಲ್ಲ. ಆ ರಸಾಯನವನ್ನು ಜಗತ್ತಿಗೆ ತಿಳಿಸಿದ 1997ರ ಪ್ರಬಂಧದಲ್ಲಿ, 2019ರಲ್ಲಿ ತಮ್ಮ 97ನೆಯ ವಯಸ್ಸಿನಲ್ಲಿ ನೊಬೆಲ್ ಪಡೆದ ಜಾನ್ ಗುಡ್‌ಇನಫ್ ಅವರ ಜೊತೆಗೆ ಕೆ. ಎಸ್. ನಂಜುಂಡಸ್ವಾಮಿ ಎಂಬ ಹೆಸರೂ ಇರುವುದನ್ನು ಕಂಡ ದಿನ, ಅಣ್ಣ ಆ ಬ್ಯಾಟರಿ ನಮ್ಮವರದೇ ಎಂಬ ಧಾಟಿಯಲ್ಲಿ ಮಾತನಾಡತೊಡಗಿದ; ಅಲ್ಲಿಗೆ ಆಯ್ಕೆ ಮುಗಿಯಿತು. ಬಂದ ಪೆಟ್ಟಿಗೆ 12 ಕಿಲೋ ತೂಗುತ್ತಿತ್ತು. ಮೇಲೆ ಹಿಡಿಕೆಯೊಂದನ್ನು ಕೂರಿಸಿಬಿಟ್ಟರೆ ಯಾವ ವಸ್ತುವನ್ನಾದರೂ ಎಲ್ಲಿಗೆ ಬೇಕಾದರೂ ಒಯ್ಯಬಹುದು ಎಂಬುದು ತಯಾರಕರ ನಂಬಿಕೆಯಿರಬೇಕು. ವಿಮಾನದಲ್ಲಂತೂ ಒಯ್ಯುವಂತಿಲ್ಲ, ಏಕೆಂದರೆ ಅಲ್ಲಿ 100 ವಾಟ್-ಅವರ್ ದಾಟಿದ ಬ್ಯಾಟರಿಗೆ ಅನುಮತಿ ಬೇಕು, 160 ದಾಟಿದರೆ ಪ್ರವೇಶವೇ ಇಲ್ಲ. ನಮ್ಮದು 1000. ಹೀಗಾಗಿ ಅದು ಬಂದ ದಿನ ಎಲ್ಲಿ ಕುಳಿತಿತೋ ಅಲ್ಲೇ ಇದೆ.

ಸಾವಿರ ವಾಟ್-ಅವರಿನಲ್ಲಿ ನಮ್ಮ ಕೈಗೆ ಬರುವುದು ಸುಮಾರು 850 ಮಾತ್ರ ಎಂದು ಅಣ್ಣ ವಿವರಿಸಿದಾಗ, ಉಳಿದ ನೂರೈವತ್ತು ಎಲ್ಲಿ ಹೋಯಿತೆಂದು ಅತ್ತಿಗೆ ವಿಚಾರಿಸಿದರು. ಬ್ಯಾಟರಿಯ ನೇರ ವಿದ್ಯುತ್ತನ್ನು ಮನೆಯ ಉಪಕರಣಗಳಿಗೆ ಬೇಕಾದ ಪರ್ಯಾಯ ವಿದ್ಯುತ್ತಾಗಿ ಬದಲಿಸುವಾಗ ಅಷ್ಟು ಶಾಖವಾಗಿ ಸೋರುತ್ತದೆ ಎಂದು ಅಣ್ಣ ಹೇಳಿದ. "ಆ ಶಾಖವೂ ಇದೇ ಕೋಣೆಗೆ ತಾನೇ?" ಎಂದು ಅತ್ತಿಗೆ ಕೇಳಿದ ಪ್ರಶ್ನೆಗೆ ಕೋಷ್ಟಕದಲ್ಲಿ ಉತ್ತರವಿರಲಿಲ್ಲ.

ಇಷ್ಟೆಲ್ಲ ಆದರೂ ಪೆಟ್ಟಿಗೆ ಒಳ್ಳೆಯದೇ. 30 ವಾಟಿನ ಹೊಸ ಮಾದರಿಯ ಫ್ಯಾನು, 9 ವಾಟಿನ ಎರಡು ಬಲ್ಬು, 10 ವಾಟಿನ ರೌಟರ್ ಇಷ್ಟನ್ನೂ ಒಟ್ಟಿಗೆ ನಡೆಸಿದರೆ ಪೆಟ್ಟಿಗೆಯ ಸ್ವಂತ ಖರ್ಚು ಕಳೆದೂ 12 ಗಂಟೆ ನಿಶ್ಚಿಂತೆ. ನಿನ್ನೆಯಂಥ ಎರಡು ಗಂಟೆಯ ಕತ್ತಲೆಗೆ ಹೆಚ್ಚೆಂದರೆ ಶೇಕಡಾ 17 ಇಳಿಯುತ್ತಿತ್ತು. ಈ ಲೆಕ್ಕವನ್ನು ನನಗೆ ಕಲಿಸಿದವನೂ ಅಣ್ಣನೇ. ತೊಂದರೆ ಇರುವುದು ಲೆಕ್ಕದಲ್ಲಲ್ಲ, "ಇದು ತುರ್ತಿಗೆ" ಎಂಬ ಅವನ ಸೂತ್ರದಲ್ಲಿ. ಅರ್ಧ ಗಂಟೆ ಕರೆಂಟು ಹೋದರೆ ಅದು ತುರ್ತಲ್ಲ, ಏಕೆಂದರೆ ಬೇಗ ಬಂದುಬಿಡುತ್ತದೆ. ಎರಡು ಗಂಟೆ ಹೋದರೂ ತುರ್ತಲ್ಲ, ಏಕೆಂದರೆ ಅದು ಆರು ಗಂಟೆಯಾಗಿ ಬೆಳೆಯುವ ಸಂಭವವಿದೆ, ಆಗ ಬೇಕಾಗುತ್ತದೆ. ಒಮ್ಮೆ ನಿಜಕ್ಕೂ ಆರು ಗಂಟೆಗೆ ಬೆಳೆಯಿತು. ನಾವೆಲ್ಲ ಆಸೆಯಿಂದ ಅವನ ಮುಖ ನೋಡಿದರೆ, "ಇಷ್ಟು ಹೊತ್ತು ತಡೆದಿದ್ದೇವೆ, ಇನ್ನೇನು ಬಂದೇ ಬರುತ್ತದೆ" ಎಂದ.

ಬಳಸಲೇಬೇಕಾದ ಪ್ರಸಂಗ ಬಂದರೆ ಅರ್ಜಿ ಸಲ್ಲಿಸಬೇಕು. ಅಣ್ಣ ಖಜಾನೆಯ ಬಾಗಿಲಿನ ಗುಮಾಸ್ತನಂತೆ ಪೆಟ್ಟಿಗೆಯ ಪಕ್ಕದ ಕುರ್ಚಿಯಲ್ಲಿ ಕುಳಿತು, "ಎಷ್ಟು ವಾಟ್?" ಎಂದು ಕೇಳುತ್ತಾನೆ. ಹೀಗಾಗಿ ಮನೆಯ ಪ್ರತಿ ಉಪಕರಣದ ಬೆನ್ನ ಮೇಲಿನ ಚೀಟಿಯನ್ನು ಕತ್ತಲೆಯಲ್ಲಿ ಬೆರಳಿನಿಂದ ತಡವಿ ಓದುವ ವಿದ್ಯೆ ನಮಗೆಲ್ಲ ಸಿದ್ಧಿಸುತ್ತ ಬಂದಿದೆ. ಅಣ್ಣನ ಮಗಳು ಒಮ್ಮೆ 1500 ವಾಟಿನ ಹೇರ್ ಡ್ರೈಯರ್ ಹಿಡಿದು ಬಂದು ನಿಂತಾಗ ಅವನು ಮಾತೇ ಆಡಲಿಲ್ಲ. ಮಗಳನ್ನು ಸಾಕಿದ್ದರಲ್ಲಿ ಎಲ್ಲಿ ಎಡವಿದೆ ಎಂದು ಯೋಚಿಸುವವನಂತೆ ಬಹಳ ಹೊತ್ತು ನೋಡಿದ. ಕೆಟಲಿನ ಅರ್ಜಿಯನ್ನಂತೂ ಪೆಟ್ಟಿಗೆಯೇ ತಿರಸ್ಕರಿಸುತ್ತದೆ, ತನ್ನ ಮಿತಿಗಿಂತ ಹೆಚ್ಚು ಎಳೆದೊಡನೆ ಕೀಂ ಎಂದು ಕೂಗಿ ಆರಿಹೋಗುತ್ತದೆ. ಫ್ರಿಜ್‌ನ ವಿಷಯದಲ್ಲಿ ಮಾತ್ರ ಅಣ್ಣನ ಮಾತು ಸರಿ: ಬಾಗಿಲು ತೆರೆಯದಿದ್ದರೆ ಅದು ಸುಮಾರು ನಾಲ್ಕು ಗಂಟೆ ತಣ್ಣಗೇ ಇರುತ್ತದೆ. ಸರಿಯಾದ ಮಾತನ್ನು ಆಡಿ ಸುಮ್ಮನಾಗುವ ಬದಲು ಅವನು ಕುರ್ಚಿಯನ್ನು ಫ್ರಿಜ್ ಮತ್ತು ಪೆಟ್ಟಿಗೆ ಎರಡೂ ಕಾಣುವ ಕಡೆಗೆ ಸರಿಸಿಕೊಂಡು ಕುಳಿತುಕೊಳ್ಳುತ್ತಾನೆ ಎಂಬುದಷ್ಟೇ ನಮ್ಮ ದೂರು.

ಫೋನಿಗೆ ಅನುಮತಿ ಸಿಗುತ್ತದೆ, ಆದರೆ ಯುಎಸ್‌ಬಿ ಕಿಂಡಿಯಿಂದ ಮಾತ್ರ. ದೊಡ್ಡ ಸಾಕೆಟ್ಟಿನ ಗುಂಡಿ ಒತ್ತಿದರೆ, ಏನನ್ನೂ ಸಿಕ್ಕಿಸದಿದ್ದರೂ ವಿದ್ಯುತ್ತನ್ನು ಬದಲಿಸುವ ಒಳಗಿನ ಇನ್ವರ್ಟರ್ ತನ್ನ ಪಾಲಿನ ಕೆಲವು ವಾಟುಗಳನ್ನು ತಿನ್ನುತ್ತಲೇ ಇರುತ್ತದೆ. ಒಂದು ಫೋನು ಪೂರ್ತಿ ತುಂಬಲು ಸುಮಾರು 15 ವಾಟ್-ಅವರ್ ಸಾಕು, ಸಾವಿರದಲ್ಲಿ ಅದೇನು ದೊಡ್ಡ ಮೊತ್ತವಲ್ಲ. ಆದರೂ ಪರದೆಯ ಮೇಲೆ 100 ಹೋಗಿ 99 ಬಂದ ಗಳಿಗೆಯಲ್ಲಿ ಅಣ್ಣ "ತೊಂಬತ್ತೊಂಬತ್ತು" ಎಂದು ಉಚ್ಚರಿಸುವ ದನಿಯನ್ನು ಪಕ್ಕದ ಮನೆಯವರು ಕೇಳಿದರೆ ಯಾರಿಗೆ ಏನಾಯಿತೆಂದು ವಿಚಾರಿಸಲು ಓಡಿ ಬಂದಾರು.

ರೌಟರಿನ ಪ್ರಕರಣವನ್ನು ಹೇಳದೆ ಮುಂದುವರಿಯುವಂತಿಲ್ಲ. ಕಚೇರಿಯ ಸಭೆಯೊಂದು ನಡೆದಿದ್ದಾಗ ಕರೆಂಟು ಹೋಗಿ, ನಾನು ಅಂಗಲಾಚಿ ರೌಟರಿಗೆ ಅನುಮತಿ ಪಡೆದಿದ್ದೆ. ಸ್ವಲ್ಪ ಹೊತ್ತು ಚೆನ್ನಾಗಿ ನಡೆದು, ಇದ್ದಕ್ಕಿದ್ದಂತೆ ಪೆಟ್ಟಿಗೆ ತಾನಾಗಿಯೇ ಆರಿತು. ಮತ್ತೆ ಹಚ್ಚಿದರೆ ಮತ್ತೆ ಆರಿತು. ಕೈಪಿಡಿ ತೆರೆದು ನೋಡಿದಾಗ ತಿಳಿದದ್ದು ಇಷ್ಟು: ಸಾಕೆಟ್ಟಿನಿಂದ ಹರಿಯುವ ವಿದ್ಯುತ್ತು ತೀರ ಕಡಿಮೆಯಿದ್ದರೆ, ಯಾರೂ ಏನನ್ನೂ ಬಳಸುತ್ತಿಲ್ಲವೆಂದು ಪೆಟ್ಟಿಗೆ ತೀರ್ಮಾನಿಸಿ ಉಳಿತಾಯಕ್ಕಾಗಿ ತನ್ನನ್ನು ತಾನೇ ಆರಿಸಿಕೊಳ್ಳುತ್ತದೆ. ಹತ್ತು ವಾಟಿನ ರೌಟರ್ ಅದರ ಗಣನೆಗೇ ಬಂದಿರಲಿಲ್ಲ. ಆ ಏರ್ಪಾಡನ್ನು ಬೇಡವೆಂದು ಬದಲಿಸಿಕೊಳ್ಳಲು ಅವಕಾಶವಿತ್ತು. ಅಣ್ಣ ಒಪ್ಪಲಿಲ್ಲ, ಏಕೆಂದರೆ ಇಷ್ಟು ದಿನಕ್ಕೆ ಮನೆಯಲ್ಲಿ ತನ್ನ ಜಾಯಮಾನದ ಇನ್ನೊಂದು ಜೀವ ಅವನಿಗೆ ಸಿಕ್ಕಿತ್ತು. ಕೊನೆಗೆ ಪೆಟ್ಟಿಗೆಗೆ ನಮ್ಮ ಇರವು ಗೊತ್ತಾಗಲೆಂದು ರೌಟರಿನ ಜೊತೆಗೆ ಹಳೆಯ 60 ವಾಟಿನ ಬಲ್ಬೊಂದನ್ನು ಉರಿಸಬೇಕಾಯಿತು. ಉಳಿತಾಯದ ಏರ್ಪಾಡನ್ನು ಉಳಿಸಿಕೊಳ್ಳುವ ಸಲುವಾಗಿ ಆರು ರೌಟರುಗಳ ವಿದ್ಯುತ್ತನ್ನು ಅಣ್ಣ ಕಣ್ಣಾರೆ ಸುಡಿಸಿದ. ನಮ್ಮ ಮನೆಯ ಕತ್ತಲೆಯ ಇತಿಹಾಸದಲ್ಲಿ ಅಷ್ಟು ಬೆಳಕಾದದ್ದು ಅದೊಂದೇ ಸಂಜೆ.

ಅವನನ್ನು ಜಿಪುಣನೆಂದು ಕರೆದು ಮುಗಿಸಿಬಿಡಬಹುದಿತ್ತು, ಆದರೆ ಅದು ಸುಳ್ಳಾಗುತ್ತದೆ. ಅಮ್ಮನಿಗೆ ಉಬ್ಬಸ ಹೆಚ್ಚಾಗಿದ್ದ ವರ್ಷ, ಮಳೆಯ ರಾತ್ರಿಯೊಂದರಲ್ಲಿ ಕರೆಂಟು ಹೋಗಿ ನೆಬ್ಯುಲೈಸರ್ ಅರ್ಧಕ್ಕೇ ನಿಂತಿತ್ತು. ಆ ಯಂತ್ರ ಬೇಡುತ್ತಿದ್ದುದು ಒಂದೆರಡು ಫ್ಯಾನುಗಳಷ್ಟು ವಿದ್ಯುತ್ತನ್ನು, ಅದೂ ಕೆಲವೇ ನಿಮಿಷಗಳ ಮಟ್ಟಿಗೆ. ಅಷ್ಟನ್ನು ಎಲ್ಲಿಂದ ತರುವುದೆಂದು ತೋಚದೆ ಅಣ್ಣ ಅಮ್ಮನ ಬೆನ್ನು ನೀವುತ್ತ ಕುಳಿತೇ ಇದ್ದ, ನಾನು ಟಾರ್ಚು ಹಿಡಿದು ನಿಂತಿದ್ದೆ. ಅಮ್ಮ ಆ ರಾತ್ರಿಯನ್ನು ದಾಟಿದರು. ಆಮೇಲೆ ಹೋದದ್ದು ಬೇರೆ ಕಾಯಿಲೆಯಿಂದ. ಆದರೆ ಅಣ್ಣ ತುರ್ತು ಎಂದಾಗಲೆಲ್ಲ ಅವನ ಮನಸ್ಸಿನಲ್ಲಿರುವುದು ಅದೇ ರಾತ್ರಿ ಎಂದು ನನಗೆ ಗೊತ್ತು, ಅತ್ತಿಗೆಗೂ ಗೊತ್ತು. ಆದ್ದರಿಂದಲೇ ನಾವು ಗೊಣಗುತ್ತೇವೆಯೇ ಹೊರತು ಅವನು ಇಲ್ಲದ ಹೊತ್ತಿನಲ್ಲೂ ಆ ಗುಂಡಿಯನ್ನು ಒತ್ತುವುದಿಲ್ಲ.

ಗೊಣಗಾಟಕ್ಕೆ ಕೈಪಿಡಿಯೂ ಈಚೆಗೆ ನಮ್ಮ ಪಕ್ಷ ವಹಿಸಿತು. ಲಿಥಿಯಂ ಬ್ಯಾಟರಿ ಬಳಸದೆ ಇಟ್ಟರೂ ಮುಪ್ಪಾಗುತ್ತದೆ, ಅದರಲ್ಲೂ ನೂರಕ್ಕೆ ನೂರು ತುಂಬಿಸಿ ಸೆಕೆಯ ಕೋಣೆಯಲ್ಲಿ ಇಟ್ಟರೆ ಇನ್ನೂ ಬೇಗ. ಬಹುಕಾಲ ಸುಮ್ಮನೆ ಇಡುವುದಾದರೆ ಸುಮಾರು 60ರಲ್ಲಿಟ್ಟು, ಕೆಲವು ತಿಂಗಳಿಗೊಮ್ಮೆ ಬಳಸಿ ಮತ್ತೆ ತುಂಬಬೇಕೆಂದು ಅದರಲ್ಲಿ ಅಚ್ಚಾಗಿದೆ. ಇದನ್ನು ಅತ್ತಿಗೆ ಗಟ್ಟಿಯಾಗಿ ಓದಿದಾಗ, ಇನ್ನಾದರೂ ನಮಗೆ ಫ್ಯಾನಿನ ಭಾಗ್ಯ ಬಂತೆಂದು ನಾನು ಎಣಿಸಿದೆ. ಭಾಗ್ಯ ಬಂದದ್ದು ನಿಜ, ಮನೆಯ ತುಂಬ ಕರೆಂಟು ಇದ್ದ ಒಂದು ಮಧ್ಯಾಹ್ನ. ಹೇಗಾದರೂ 60ಕ್ಕೆ ಇಳಿಸಲೇಬೇಕೆಂದು ಅಣ್ಣ ಎಲ್ಲ ಪ್ಲಗ್ಗುಗಳನ್ನೂ ಗೋಡೆಯಿಂದ ಕಿತ್ತು ಪೆಟ್ಟಿಗೆಗೆ ಸಿಕ್ಕಿಸಿದ. ಫ್ಯಾನು ತಿರುಗಿತು, ದೀಪ ಹಗಲಿನಲ್ಲೇ ಉರಿಯಿತು, ಎಲ್ಲರ ಫೋನುಗಳೂ ತುಂಬಿದವು. ಇಳಿಯುವುದು ನಿಧಾನವಾಯಿತೆಂದು ಅವನೇ ಮಗಳನ್ನು ಕರೆದು, ಹೇರ್ ಡ್ರೈಯರಿಗೆ ಕಡಿಮೆ ಶಾಖದ ಗುಂಡಿ ಇದೆಯೇ ಎಂದು ವಿಚಾರಿಸಿದ. ಆಕೆ ಅಂದು ತಲೆಗೆ ನೀರು ಹಾಕಿಕೊಂಡಿರಲಿಲ್ಲ. ಒಣಗಿದ ಕೂದಲನ್ನೇ ಅಪ್ಪನ ಆಜ್ಞೆಯಂತೆ ಮತ್ತೊಮ್ಮೆ ಒಣಗಿಸಿಕೊಂಡಳು. ಅಂಕಿ 60 ತಲುಪಿದೊಡನೆ ಎಲ್ಲವನ್ನೂ ಆರಿಸಿ ಪ್ಲಗ್ಗುಗಳನ್ನು ಗೋಡೆಗೆ ಮರಳಿಸಲಾಯಿತು.

ಅದೇ ಸಂಜೆ ಕರೆಂಟು ಹೋಯಿತು. "ಅಯ್ಯೋ, ಉಳಿದಿರುವುದೇ ಅರವತ್ತು, ಈಗ ಮುಟ್ಟಬೇಡಿ" ಎಂದ ಅಣ್ಣ. ಮರುದಿನವೇ ಅದನ್ನು ಮತ್ತೆ ನೂರಕ್ಕೆ ತುಂಬಿಸಿದ. ಬ್ಯಾಟರಿಯ ಮುಪ್ಪು ನಿಧಾನವಾಗಿ ಬರಲಿ, ಕತ್ತಲೆ ಮಾತ್ರ ಹೇಳದೆ ಬರುತ್ತದೆ ಎಂಬುದು ಅವನ ಅಂತಿಮ ನಿಲುವು.

ಇಂದು ಬೆಳಿಗ್ಗೆ ಅತ್ತಿಗೆ ಮೇಜಿನ ಮೇಲೆ ಗಟ್ಟಿಯಾಗಿದ್ದ ಮೇಣವನ್ನು ಚಾಕುವಿನಿಂದ ಕೆರೆಯುತ್ತ ಒಂದು ಮಾತನ್ನೂ ಆಡಲಿಲ್ಲ. ಅದು ಅವರು ಜಗಳವಾಡುವುದಕ್ಕಿಂತ ಹೆಚ್ಚು ಕೆಲಸ ಮಾಡಿರಬೇಕು. ಅಣ್ಣ ತಾನಾಗಿಯೇ ಮಣಿದು, ಈ ಪೆಟ್ಟಿಗೆಯನ್ನು ತುರ್ತಿಗೆಂದು ಹಾಗೇ ಇಟ್ಟು ದಿನಬಳಕೆಗೆ ಚಿಕ್ಕದೊಂದನ್ನು ತಂದುಬಿಡೋಣ ಎಂದ. ಹೊಸ ಕೋಷ್ಟಕ ಆಗಲೇ ಆರಂಭವಾಗಿತ್ತು, 300 ವಾಟ್-ಅವರಿನ ಸಾಲಿಗೆ ಹಳದಿ ಬಣ್ಣವನ್ನೂ ಬಳಿದಿದ್ದ.

"ಚಿಕ್ಕದು ಖಾಲಿಯಾದರೆ ಏನ್ರೀ ಮಾಡೋದು?" ಎಂದು ಅತ್ತಿಗೆ ಕೇಳಿದರು.

ದೊಡ್ಡದರಿಂದ ಚಿಕ್ಕದನ್ನು ತುಂಬಿಕೊಳ್ಳಬಹುದಲ್ಲ ಎಂದು ನಾನು ಸಲಹೆ ಕೊಟ್ಟೆ. ಅಣ್ಣ ಕಾಗದದ ಮೇಲೆ ಏನೋ ಗುಣಿಸಿ, ಭಾಗಿಸಿ, ತಲೆಯಾಡಿಸಿದ. ಹಾಗೆ ಮಾಡಿದರೆ ಒಂದರಿಂದ ಹೊರಡುವಾಗ ಒಮ್ಮೆ, ಇನ್ನೊಂದನ್ನು ಸೇರುವಾಗ ಒಮ್ಮೆ, ಮತ್ತೆ ಅದರಿಂದ ಹೊರಡುವಾಗ ಇನ್ನೊಮ್ಮೆ ವಿದ್ಯುತ್ತು ಸೋರುತ್ತದೆಯಂತೆ. ಆದ್ದರಿಂದ ಚಿಕ್ಕದನ್ನೂ ನೋಡಿಕೊಂಡೇ ಬಳಸಬೇಕಾಗುತ್ತದೆ ಎಂದು, ಅದು ಮನೆಗೆ ಬರುವ ಮೊದಲೇ ನಮ್ಮೆಲ್ಲರಿಗೂ ಎಚ್ಚರಿಕೆ ಕೊಟ್ಟಿದ್ದಾನೆ.