15 ದಿನದ ಸಿಎನ್‌ಸಿ ಕೋರ್ಸ್ ಐಟಿಐಗೆ ಸಮ ಅಲ್ಲ

"15 ದಿನದ ಸಿಎನ್‌ಸಿ ಕೋರ್ಸ್ ಮಾಡಿ, ಸರ್ಟಿಫಿಕೇಟ್ ಐಟಿಐಗೆ ಸಮ, ನೇರ ಪ್ರೋಗ್ರಾಮರ್ ಕೆಲಸ" ಅನ್ನೋ ಮೆಸೇಜ್ ಓಡಾಡುತ್ತಿದೆ. (ಸಿಎನ್‌ಸಿ ಅಂದರೆ ಕಂಪ್ಯೂಟರ್ ಪ್ರೋಗ್ರಾಂ ಪ್ರಕಾರ ಲೋಹ ಕತ್ತರಿಸುವ ಮೆಷಿನ್.) ಕಳೆದ ವಾರ ನಾನೂ ಸರಿಯಾಗಿ ಓದದೆ ಕಳಿಸಿದ್ದೆ. ಅದು ತಪ್ಪು.

ಐಟಿಐ ಮೆಷಿನಿಸ್ಟ್ ಟ್ರೇಡ್ 2 ವರ್ಷದ್ದು. ಎಸ್‌ಎಸ್‌ಎಲ್‌ಸಿ ಪಾಸಾಗಿರಬೇಕು. ಪಠ್ಯಕ್ರಮ ಕೇಂದ್ರ ಸರ್ಕಾರದ ತರಬೇತಿ ಮಹಾನಿರ್ದೇಶನಾಲಯದ್ದು, ಕೊನೆಗೆ ಸಿಗೋದು ರಾಷ್ಟ್ರೀಯ ಟ್ರೇಡ್ ಸರ್ಟಿಫಿಕೇಟ್. 15 ದಿನದ ಕಾಗದ ಅದಕ್ಕೆ ಸಮ ಆಗುವುದಿಲ್ಲ. ಸಣ್ಣ ಕೋರ್ಸ್ ಬೇಡ ಅಂತಲ್ಲ, ಜಿ-ಕೋಡ್ (ಮೆಷಿನ್‌ಗೆ ಆದೇಶ ಕೊಡುವ ಕೋಡ್) ಪರಿಚಯಕ್ಕೆ ಒಳ್ಳೆಯದೇ.

ಆದರೆ ಹೊಸಬರು ಸಾಮಾನ್ಯವಾಗಿ ಆಪರೇಟರ್ ಆಗಿಯೇ ಶುರು ಮಾಡುತ್ತಾರೆ. ಜಾಬ್ (ಕತ್ತರಿಸಬೇಕಾದ ತುಂಡು) ಮೆಷಿನ್‌ಗೆ ಕಟ್ಟುವುದು, ಅಳೆಯುವುದು, ಆಫ್‌ಸೆಟ್ (ಅಳತೆ ಸರಿಪಡಿಸುವ ಅಂಕಿ) ಕೊಡುವುದು. ಅದೇನು ಸುಮ್ನೆ ಹಸಿರು ಬಟನ್ ಒತ್ತುವ ಕೆಲಸ ಅಲ್ಲ. ಲೇತ್‌ನಲ್ಲಿ (ತುಂಡನ್ನು ತಿರುಗಿಸಿ ಕತ್ತರಿಸುವ ಮೆಷಿನ್) 25.00 ಮಿ.ಮೀ. ಬರಬೇಕಾದ ಹೊರವ್ಯಾಸ ಮೈಕ್ರೋಮೀಟರ್‌ನಲ್ಲಿ 25.04 ತೋರಿಸಿತು ಅಂದುಕೊಳ್ಳಿ. ವ್ಯಾಸದ ಲೆಕ್ಕದಲ್ಲಿರುವ ಮೆಷಿನ್‌ನಲ್ಲಿ ಎಕ್ಸ್ ವೇರ್ ಆಫ್‌ಸೆಟ್‌ಗೆ (ಟೂಲ್ ಸವೆದಾಗ ವ್ಯಾಸದ ದಿಕ್ಕಿನಲ್ಲಿ ಕೊಡುವ ತಿದ್ದುಪಡಿ) ಮೈನಸ್ 0.04 ಸೇರಿಸಬೇಕು. ಕೈತಪ್ಪಿ ಮೈನಸ್ 0.4 ಹೊಡೆದರೆ ಮುಂದಿನ ಪೀಸ್ 24.64ಕ್ಕೆ ಇಳಿಯುತ್ತದೆ. ನೇರ ಸ್ಕ್ರ್ಯಾಪ್! ಈ ಎಚ್ಚರ ಮೆಷಿನ್ ಮುಂದೆ ನಿಂತೇ ಬರಬೇಕು, ಅಲ್ವಾ? ಸೆಟ್ಟಿಂಗ್, ಪ್ರೋಗ್ರಾಮಿಂಗ್ ಆಮೇಲಿನ ಮೆಟ್ಟಿಲು.

ಇನ್ನೊಂದು ಎಡವಟ್ಟು: ಆ ಮೆಸೇಜ್‌ನ ಕೋಡ್ ಪಟ್ಟಿಯಲ್ಲಿ ಜಿ02, ಜಿ03 ಅದಲು ಬದಲಾಗಿವೆ. ಜಿ02 ಗಡಿಯಾರದ ಮುಳ್ಳು ತಿರುಗುವ ದಿಕ್ಕಿನ ಕಮಾನು, ಜಿ03 ಅದರ ವಿರುದ್ಧದ್ದು.

ದಯವಿಟ್ಟು ಆ ಮೆಸೇಜ್ ಮುಂದೆ ಕಳಿಸಬೇಡಿ. ಕಳಿಸಿದ್ದರೆ ಅದೇ ಗ್ರೂಪ್‌ಗೆ ಇದನ್ನೂ ಹಾಕಿ.