ಪ್ಯಾರಾಪೆಟ್ ಗೋಡೆಯ ಎರಡೂ ಮುಖಕ್ಕೆ ಗಾಳಿ ಲೆಕ್ಕ ಹಾಕಿ

ಕಟ್ಟಡದ ಲೆಕ್ಕವನ್ನೆಲ್ಲ ಅಚ್ಚುಕಟ್ಟಾಗಿ ಮಾಡಿ, ತಾರಸಿ ಅಂಚಿನ ತಡೆಗೋಡೆ, ಅಂದರೆ ಪ್ಯಾರಾಪೆಟ್ ಬಂದಾಗ ಮಾತ್ರ "ಒಂದು ಮೀಟರ್ ಗೋಡೆ ತಾನೆ" ಅಂತ ಬಿಟ್ಟುಬಿಡುವವರಿದ್ದಾರೆ. ಲೆಕ್ಕ ಹಾಕುವವರಲ್ಲೂ ಕೆಲವರು ಕೆಳಗಿನ ಗೋಡೆಗೆ ಹಿಡಿದ ಒತ್ತಡವನ್ನೇ ಮೇಲಕ್ಕೂ ಎಳೆದುಬಿಡುತ್ತಾರೆ. ಎರಡೂ ಅಪಾಯ.

ಕೆಳಗಿನ ಗೋಡೆಯ ಹಿಂದೆ ಕೋಣೆಯಿದೆ. ಪ್ಯಾರಾಪೆಟ್ ಹಿಂದೆ ಬಯಲು. ಎದುರು ಗಾಳಿ ಹೊರಮುಖವನ್ನು ತಳ್ಳುತ್ತಿರುವಾಗಲೇ, ಗೋಡೆಯ ತಲೆ ದಾಟಿದ ಗಾಳಿ ತಾರಸಿ ಅಂಚಿನಲ್ಲಿ ಸುಳಿಯಾಗಿ ಒಳಮುಖವನ್ನು ಅದೇ ದಿಕ್ಕಿಗೆ ಹೀರುತ್ತದೆ. ಎರಡನ್ನೂ ಕೂಡಬೇಕು. ಆಚೆ ಬದಿಯ ಪ್ಯಾರಾಪೆಟ್ ಕಥೆ ಬೇರೆ: ತಾರಸಿ ದಾಟಿ ಬಂದ ಗಾಳಿ ಅದನ್ನು ಒಳಗಿನಿಂದ ತಳ್ಳುತ್ತದೆ, ಹೊರಗಿನಿಂದ ಹೀರುತ್ತದೆ. ಬಿದ್ದರೆ ಅದು ಬೀಳುವುದು ಕೆಳಗೆ ಓಡಾಡುವವರ ಮೇಲೆ.

ಗಾಳಿಯ ಒತ್ತಡವನ್ನು ಎಷ್ಟರಿಂದ ಗುಣಿಸಬೇಕು ಎಂಬ ಗುಣಾಂಕವನ್ನು ವಿನ್ಯಾಸದ ಕೋಡ್‌ಗಳು ಹೇಳುತ್ತವೆ. ಕಟ್ಟಡದ ಮೇಲಿನ ಭಾರಗಳಿಗೆ ಅಮೆರಿಕದ ಕೋಡ್ ಆದ ಎಎಸ್‌ಸಿಇ 7 ಎರಡೂ ಮುಖ ಸೇರಿಸಿ ಗಾಳಿಮುಖದ ಪ್ಯಾರಾಪೆಟ್‌ಗೆ 1.5, ಆಚೆಯದಕ್ಕೆ 1.0 ಗುಣಾಂಕ ಕೊಡುತ್ತದೆ. ಇದು ಇಡೀ ಕಟ್ಟಡದ ಚೌಕಟ್ಟಿಗೆ. ಗೋಡೆಯನ್ನೇ ವಿನ್ಯಾಸ ಮಾಡುವಾಗ ಸ್ಥಳೀಯ ಗುಣಾಂಕ ಇದಕ್ಕಿಂತ ಹೆಚ್ಚು ಬರುತ್ತದೆ, ಮೂಲೆಗಳಲ್ಲಂತೂ ಬಹಳ ಹೆಚ್ಚು. ಯುರೋಪಿನ ಕೋಡ್ ಆದ ಯೂರೋಕೋಡ್ ಪ್ಯಾರಾಪೆಟ್ಟನ್ನು ಒಂಟಿ ಗೋಡೆಯ ಜೊತೆಗೇ ನೋಡುತ್ತದೆ: ಮೂಲೆಯಲ್ಲಿ ತಿರುವು ಇರುವ ಗೋಡೆಗೆ, ತುದಿಯಿಂದ ಎತ್ತರದ 0.3 ಪಟ್ಟು ದೂರದವರೆಗೆ 2.1, ಎತ್ತರದ 4 ಪಟ್ಟು ದಾಟಿದ ಮೇಲೆ 1.2. ಒಂದು ಕೋಡಿನ ಗುಣಾಂಕವನ್ನು ಇನ್ನೊಂದರ ಗಾಳಿವೇಗಕ್ಕೆ ಮಾತ್ರ ಜೋಡಿಸಬೇಡಿ. ವೇಗವನ್ನು ಅಳೆಯುವ ರೀತಿಯೇ ಬೇರೆ.

ಇನ್ನು ಅಂಕಿ ಹಿಡಿದು ನೋಡೋಣ. ವೇಗವನ್ನು ಪ್ಯಾರಾಪೆಟ್‌ನ ತಲೆಯ ಎತ್ತರಕ್ಕೆ ತೆಗೆದುಕೊಳ್ಳಬೇಕು, ತಾರಸಿ ಮಟ್ಟಕ್ಕಲ್ಲ. ಎತ್ತರ, ನೆಲದ ಸ್ವರೂಪ ಎಲ್ಲ ಸೇರಿ ಅಲ್ಲಿ ಸೆಕೆಂಡಿಗೆ 40 ಮೀಟರ್ ಬಂತು ಅನ್ನಿ. ಗಾಳಿಯ ಸಾಂದ್ರತೆಯ ಅರ್ಧ ಸುಮಾರು 0.6; ಅದನ್ನು ವೇಗದ ವರ್ಗದಿಂದ ಗುಣಿಸಿದರೆ ಒತ್ತಡ: 0.6 × 40 × 40 = 960 ನ್ಯೂಟನ್, ಪ್ರತಿ ಚದರ ಮೀಟರಿಗೆ. ಗಾಳಿಮುಖಕ್ಕೆ ಹೇಳಿದ 1.5 ಅಷ್ಟನ್ನೇ ಹಿಡಿದರೂ 1,440. ಈ ಬಲ ಸರಾಸರಿ ಅರ್ಧ ಎತ್ತರದಲ್ಲಿ ತಳ್ಳುವುದರಿಂದ, ಒಂದು ಮೀಟರ್ ಎತ್ತರದ ಗೋಡೆಯ ಬುಡದಲ್ಲಿ ಬಾಗುಬಲ (ಬುಡದಿಂದ ಬಗ್ಗಿಸಿ ಉರುಳಿಸುವ ಪರಿಣಾಮ) 1,440 × 1 × 1 ÷ 2 = 720 ನ್ಯೂಟನ್ ಮೀಟರ್, ಪ್ರತಿ ಮೀಟರ್ ಉದ್ದಕ್ಕೆ.

230 ಮಿ.ಮೀ. ಇಟ್ಟಿಗೆ ಗೋಡೆ ಮೀಟರಿಗೆ ಸುಮಾರು 4,600 ನ್ಯೂಟನ್ ತೂಗುತ್ತದೆ. ಅದು ಉರುಳದಂತೆ ತನ್ನ ತೂಕದಿಂದಲೇ ತಡೆಯುವುದು ತೂಕ ಗುಣಿಸು ಅರ್ಧ ದಪ್ಪ: 4,600 × 0.115, ಅಂದರೆ 529 ನ್ಯೂಟನ್ ಮೀಟರ್. ಬೇಕಿರುವುದು 720! ಉಳಿದಿದ್ದನ್ನು ಬುಡದ ಗಾರೆಯ ಹಿಡಿತ ಹೊರಬೇಕು. ಈಗ ಆ ಜಾಗವನ್ನು ಹತ್ತಿರದಿಂದ ನೋಡಿ. ಎಷ್ಟೋ ಕಡೆ ವಾಟರ್‌ಪ್ರೂಫಿಂಗ್ ಶೀಟನ್ನು ಸರಿಯಾಗಿ ಅಲ್ಲೇ, ಸ್ಲ್ಯಾಬ್‌ಗೂ ಮೊದಲ ಇಟ್ಟಿಗೆ ಸಾಲಿಗೂ ನಡುವೆ ಹಾಸುತ್ತಾರೆ. ಅಲ್ಲಿಗೆ ಹಿಡಿತ ಹೋಯಿತು. ಗೋಡೆ ಬರೀ ಇಟ್ಟಂತೆ ನಿಂತಿರುತ್ತದೆ. 115 ಮಿ.ಮೀ. ಗೋಡೆಯಾದರೆ ತೂಕದ ತಡೆ ಸುಮಾರು 132 ಅಷ್ಟೇ. ಕಂಬವಿಲ್ಲದೆ ಅದನ್ನು ಕಟ್ಟಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಪರಿಹಾರ ಕಷ್ಟದ್ದಲ್ಲ. ಸ್ಲ್ಯಾಬ್ ಹಾಕುವಾಗಲೇ ಕಂಬಿ ಮೇಲಕ್ಕೆ ಬಿಟ್ಟು, 2 ಮೀಟರಿಗೊಂದು ಕಾಂಕ್ರೀಟ್ ಕಂಬ ಎಬ್ಬಿಸಿ, ತಲೆಯಲ್ಲಿ ಕಾಂಕ್ರೀಟ್ ಪಟ್ಟಿ ಕೊಟ್ಟು ಕಟ್ಟಿಹಾಕಿ. ಆಗ ಒಂದು ಕಂಬದ ಬುಡಕ್ಕೆ 1,440 ನ್ಯೂಟನ್ ಮೀಟರ್ ಬರುತ್ತದೆ. ಗಾಳಿ ಎರಡೂ ದಿಕ್ಕಿನಿಂದ ಬರುವುದರಿಂದ ಕಂಬಿ ಕಂಬದ ಎರಡೂ ಮುಖಕ್ಕೆ ಬೇಕು. ಆ ಬಾಗುಬಲ ಸ್ಲ್ಯಾಬ್ ಅಂಚಿಗೂ ಇಳಿಯುತ್ತದೆ, ಅಲ್ಲಿಯೂ ತಾಳೆ ನೋಡಿ.

ಆಮೇಲೆ ಮರೆಮಾಚಲೆಂದು ಅದೇ ಗೋಡೆಯ ಮೇಲೆ ಅರ್ಧ ಮೀಟರ್ ಶೀಟ್ ಏರಿಸುವವರಿಗೆ: ಎತ್ತರ ಒಂದೂವರೆ ಪಟ್ಟಾದರೆ ಬುಡದ ಬಾಗುಬಲ 2.25 ಪಟ್ಟು. 720 ಇದ್ದದ್ದು 1,620 ಆಗುತ್ತದೆ, ಶೀಟಿನ ತೂಕ ಮಾತ್ರ ಲೆಕ್ಕಕ್ಕೇ ಬಾರದಷ್ಟು ಕಡಿಮೆ.