ಬೆಕ್ಕಿನ ಬಿಸ್ಕತ್ತು ತಿಂದ ಗುಬ್ಬಿ

ನನ್ನ ಪಕ್ಷಿಸೇವೆ ಶುರುವಾದದ್ದು ಅಪಹರಣದಿಂದ.

ಮರದ ಕೆಳಗೆ ಒಂದು ಮರಿ ಕುಪ್ಪಳಿಸುತ್ತಿತ್ತು. ಮೈ ತುಂಬ ಪುಕ್ಕ, ಮೋಟು ಬಾಲ, ಹಾರಲು ಬಾರದು. ಅಯ್ಯೋ ಪಾಪ, ಅನಾಥ ಎಂದುಕೊಂಡು ಎತ್ತಿ ಚಪ್ಪಲಿ ಡಬ್ಬಿಯಲ್ಲಿಟ್ಟೆ. ತಲೆ ಮೇಲಿನ ಕೊಂಬೆಯಲ್ಲಿ ಎರಡು ಹಕ್ಕಿ ಗಂಟಲು ಹರಿಯುವಂತೆ ಕಿರುಚುತ್ತಿದ್ದವು. ನನ್ನ ಒಳ್ಳೆಯತನವನ್ನು ಹೊಗಳುತ್ತಿವೆ ಎಂದೇ ನಾನು ತಿಳಿದಿದ್ದೆ.

ಅನಾಥ ಹಕ್ಕಿಮರಿಗಳನ್ನು ಸಾಕಿ ಬಿಡುವ ಒಬ್ಬ ಮೇಡಂ ಪರಿಚಯವಿದ್ದರು. ಫೋನ್ ಮಾಡಿದೆ.

"ಪುಕ್ಕ ಬಂದಿದೆಯಾ?"

"ಬಂದಿದೆ."

"ಕುಪ್ಪಳಿಸ್ತಿದೆಯಾ?"

"ಚೆನ್ನಾಗಿ."

"ಮೇಲೆ ಯಾರಾದ್ರೂ ಬೈತಿದ್ದಾರಾ?"

"ಇಬ್ಬರು."

"ಅವರೇ ಅಪ್ಪ ಅಮ್ಮ. ತಗೊಂಡು ಹೋಗಿ ಅಲ್ಲೇ ಇಡಿ."

ಗೂಡು ಬಿಟ್ಟ ಮರಿಗಳು ಹಾರುವುದನ್ನು ಕಲಿಯುವಾಗ ಕೆಲವು ದಿನ ಹೀಗೆ ನೆಲದ ಮೇಲೇ ಓಡಾಡುತ್ತವೆ, ತಂದೆತಾಯಿ ಅಲ್ಲಿಗೇ ಬಂದು ತಿನ್ನಿಸುತ್ತವೆ ಎಂದು ಅವರು ಹೇಳಿದರು. "ನಾನು ಮುಟ್ಟಿಬಿಟ್ಟೆನಲ್ಲ, ಮನುಷ್ಯರ ವಾಸನೆಗೆ ತಾಯಿ ಬಿಟ್ಟುಬಿಡಲ್ವಾ?" ಎಂದೆ. "ಅದೆಲ್ಲ ಸುಮ್ನೆ ಕತೆ" ಎಂದರು. ಡಬ್ಬಿ ಹಿಡಿದು ವಾಪಸ್ ಹೋದೆ. ಇಟ್ಟು ಐದು ನಿಮಿಷಕ್ಕೆ ತಾಯಿ ಹುಳು ತಂದು ಮರಿಯ ಬಾಯಿಗಿಟ್ಟಿತು. ನನ್ನ ಕಡೆ ನೋಡಿ ಇನ್ನೂ ಒಂದೆರಡು ಮಾತು ಅಂದಿತು. ಅನ್ನಿಸಿಕೊಂಡೆ.

ನಿಜವಾದ ಅನಾಥ ಸಿಕ್ಕಿದ್ದು ಆಮೇಲೆ. ಒಂದು ಗುಬ್ಬಿಮರಿ. ಮೈಮೇಲೆ ಪುಕ್ಕವಿಲ್ಲ, ಕಣ್ಣು ಸರಿಯಾಗಿ ತೆರೆದಿಲ್ಲ, ಗೂಡೂ ಇಲ್ಲ, ಕಾದರೂ ಯಾರೂ ಬರಲಿಲ್ಲ. ಎಷ್ಟೋ ದೇಶಗಳಲ್ಲಿ ಕಾಡುಹಕ್ಕಿಯನ್ನು ಅನುಮತಿಯಿಲ್ಲದೆ ಸಾಕಿಕೊಳ್ಳುವಂತಿಲ್ಲ. ಹಾಗಾಗಿ ಮೇಡಂ ಯಜಮಾನರು, ನಾನು ಅವರ ಆಳು ಎಂದು ಒಪ್ಪಂದವಾಯಿತು.

ಅಮ್ಮ ಆಗಲೇ ಹತ್ತಿಯನ್ನು ಹಾಲಿನಲ್ಲಿ ಅದ್ದಿಕೊಂಡು ನಿಂತಿದ್ದರು. ಫೋನಿನಿಂದಲೇ ಮೇಡಂ ಚೀರಿದರು. ಹಕ್ಕಿಗೆ ಹಾಲು ಅರಗುವುದಿಲ್ಲ. ನೀರನ್ನೂ ಬಾಯಿಗೆ ಹನಿಸಬಾರದು. ಉಸಿರಿನ ದಾರಿ ನಾಲಗೆಯ ಬುಡದಲ್ಲೇ ತೆರೆದಿರುತ್ತದೆ, ನೀರು ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಮೊದಲು ಶಾಖ, ಆಮೇಲೆ ಊಟ. ಮೈ ತಣ್ಣಗಿರುವ ಮರಿಗೆ ಏನು ತಿನ್ನಿಸಿದರೂ ಜೀರ್ಣವಾಗುವುದಿಲ್ಲ. "ಹಾಗಾದ್ರೆ ಇಷ್ಟು ಕಾಲ ಹಕ್ಕಿಗಳನ್ನ ಸಾಕಿದೋರೆಲ್ಲ ದಡ್ಡರಾ?" ಎಂದು ಅಮ್ಮ ಹಾಲನ್ನು ತಾವೇ ಕುಡಿದರು.

ಊಟ ಎಂದರೆ ಹುಳು, ಜೊತೆಗೆ ನೀರಲ್ಲಿ ನೆನೆಸಿದ ಬೆಕ್ಕಿನಮರಿ ಬಿಸ್ಕತ್ತು. ಹೌದು, ಬೆಕ್ಕಿನದೇ. ಹುಳ ತಿಂದು ಬೆಳೆಯುವ ಮರಿಗೆ ಬೇಕಾದ ಪ್ರೋಟೀನ್ ಅದರಲ್ಲಿದೆಯಂತೆ. ಗುಬ್ಬಿಯನ್ನು ತಿನ್ನಬೇಕಾದವರ ಊಟವನ್ನು ಗುಬ್ಬಿಯೇ ತಿನ್ನುತ್ತಿದೆ ಎಂಬ ಖುಷಿಯಲ್ಲಿ ತರಿಸಿದೆ. ಎರಡು ದಿನಕ್ಕೆ ಬಿಸ್ಕತ್ತಿನ ಕಂಪನಿಯ ಹುಡುಗಿ ಫೋನ್ ಮಾಡಿದಳು.

"ಸರ್, ನಿಮ್ಮ ಬೆಕ್ಕಿಗೆ ವಯಸ್ಸೆಷ್ಟು?"

"ಒಂದು ವಾರ."

"ಯಾವ ಬಣ್ಣ ಸರ್?"

"ಇನ್ನೂ ಪುಕ್ಕ ಬಂದಿಲ್ಲ."

ಆಕೆ ಏನು ಬರೆದುಕೊಂಡಳೋ ಗೊತ್ತಿಲ್ಲ.

ಇಪ್ಪತ್ತು ನಿಮಿಷಕ್ಕೊಂದು ಸಲ ತಿನ್ನಿಸಬೇಕು. ಬೆಳಕು ಹರಿದಾಗಿನಿಂದ ಕತ್ತಲಾಗುವವರೆಗೆ. ಲೆಕ್ಕ ಹಾಕಿ ನೋಡಿ, ಹನ್ನೆರಡು ಗಂಟೆಗೆ 36 ಊಟ. ಗುಬ್ಬಿಗೆ ರಾತ್ರಿಪಾಳಿ ಇಲ್ಲ, ಅದೊಂದು ಪುಣ್ಯ. ಹಗಲಲ್ಲಿ ಮಾತ್ರ ಸ್ನಾನಕ್ಕೂ ಲೆಕ್ಕ. ತಲೆಗೆ ಸೋಪು ಹಾಕಿಕೊಂಡಾಗ ಅಲಾರಂ ಹೊಡೆದರೆ ಸೋಪಿನ ತಲೆಯಲ್ಲೇ ಓಡಬೇಕು.

ಡಬ್ಬಿಯನ್ನು ಮೆಲ್ಲಗೆ ತಟ್ಟಿದರೆ ಸಾಕು, ಅಮ್ಮ ಗೂಡಿಗೆ ಬಂದಳು ಎಂದುಕೊಂಡು ಮರಿ ಬಾಯಿ ಬಿಡುತ್ತದೆ. ಅದೊಂದು ಬಾಯಿ ಅಂತೀರಾ? ಅಂಚಿಗೆಲ್ಲ ಹಳದಿ. ಅದು ತೆರೆದಾಗ ಮರಿಯೇ ಕಾಣುವುದಿಲ್ಲ, ಬರೀ ಬಾಯಿ. ಆದರೆ ಅದಕ್ಕೆ ತಟ್ಟುವುದಕ್ಕೂ ಬಾಗಿಲು ಬಡಿಯುವುದಕ್ಕೂ ವ್ಯತ್ಯಾಸ ತಿಳಿಯದು. ನಾನು ಸೀನಿದರೆ ಬಾಯಿ. ಫೋನ್ ನಡುಗಿದರೆ ಬಾಯಿ. ಅಮ್ಮ ನನಗೆ ಬೈದರೂ ಬಾಯಿ.

ತಿಂದ ಕೂಡಲೇ ಹಿಂದಕ್ಕೆ ತಿರುಗಿ ಬಿಳಿ ಚೀಲದಲ್ಲಿ ನೀಟಾಗಿ ಪ್ಯಾಕ್ ಮಾಡಿದ ಹಿಕ್ಕೆ ಕೊಡುತ್ತದೆ. ಗೂಡು ಗಲೀಜಾಗದಿರಲಿ ಎಂದು ತಂದೆತಾಯಿ ಅದನ್ನು ಕಚ್ಚಿಕೊಂಡು ಹೋಗಿ ದೂರ ಎಸೆಯುತ್ತವೆ. ಮೊದಮೊದಲ ದಿನಗಳಲ್ಲಿ ನುಂಗಿಬಿಡುವುದೂ ಉಂಟು. ನಾನು ಅಷ್ಟು ಒಳ್ಳೆಯ ತಂದೆಯಲ್ಲ, ಚಿಮಟದಲ್ಲಿ ಹಿಡಿಯುತ್ತಿದ್ದೆ. ಊಟಕ್ಕೊಂದು ಚಿಮಟ, ಇದಕ್ಕೊಂದು. ಒಮ್ಮೆ ಆಫೀಸಿನ ವೀಡಿಯೊ ಮೀಟಿಂಗ್ ನಡುವೆ ಅಲಾರಂ ಹೊಡೆಯಿತು. ಮೇಜಿನ ಕೆಳಗೇ ಕೆಲಸ ಮುಗಿಸಿದೆ. ಅಷ್ಟರಲ್ಲಿ ಬಾಸ್ ನನ್ನ ಹೆಸರು ಕರೆದರು. ಗಾಬರಿಯಲ್ಲಿ ಕೈಯೆತ್ತಿದೆ. ಪರದೆ ತುಂಬ ಚಿಮಟ, ತುದಿಯಲ್ಲಿ ಆ ಬಿಳಿ ಚೀಲ. "ಏನದು?" ಎಂದರು. "ಈಗಷ್ಟೇ ಬಂತು ಸರ್" ಎಂದೆ.

ಇಷ್ಟೆಲ್ಲ ಸುಲಭದ ಭಾಗ. ಕಷ್ಟದ ಭಾಗವೆಂದರೆ ಪ್ರೀತಿಸಬಾರದು. ಹೆಸರಿಡಬೇಡಿ, ಮಾತಾಡಿಸಬೇಡಿ, ಸವರಬೇಡಿ ಎಂದು ಮೇಡಂ ತಾಕೀತು ಮಾಡಿದ್ದರು. ಮನುಷ್ಯರಿಗೆ ಹೊಂದಿಕೊಂಡ ಹಕ್ಕಿ ಹೊರಗೆ ಬದುಕುವುದಿಲ್ಲ. ಕಣ್ಣು ಬಿಟ್ಟಾಗ ಯಾರು ಎದುರಿಗಿದ್ದರೋ ಅವರೇ ತಾಯಿ ಎಂದು ಹೆಬ್ಬಾತಿನ ಮರಿಗಳು ಕಾನ್ರಾಡ್ ಲೊರೆಂಟ್ಸ್ ಎಂಬ ವಿಜ್ಞಾನಿಯ ಹಿಂದೆ ಸಾಲಾಗಿ ನಡೆದವು. ಅವರಿಗೆ 1973ರಲ್ಲಿ ನೊಬೆಲ್ ಸಿಕ್ಕಿತು. ಅಮೆರಿಕದಲ್ಲಿ ಜನರ ನಡುವೆ ಬೆಳೆದ ಟೆಕ್ಸ್ ಎಂಬ ಕೊಕ್ಕರೆಯಂಥ ದೊಡ್ಡ ಹಕ್ಕಿಗೆ, ಅಂದರೆ ವೂಪಿಂಗ್ ಕ್ರೇನ್‌ಗೆ ತನ್ನ ಜಾತಿಯ ಗಂಡೇ ಬೇಡವಾಯಿತು. ಜಾರ್ಜ್ ಆರ್ಚಿಬಾಲ್ಡ್ ಎಂಬ ಪಕ್ಷಿತಜ್ಞ ಅದರ ಎದುರು ರೆಕ್ಕೆ ಬಡಿಯುವಂತೆ ಕೈ ಬೀಸಿ ಕುಣಿದು, ವರ್ಷಗಟ್ಟಲೆ ಗಂಡನ ಪಾತ್ರ ಮಾಡಿದರು. ಕೊನೆಗೆ 1982ರಲ್ಲಿ, ಕೃತಕ ಗರ್ಭಧಾರಣೆಯಿಂದ, ಒಂದು ಮರಿ ಆಯಿತು. ಕ್ಯಾಲಿಫೋರ್ನಿಯಾ ಕಾಂಡೋರ್ ಎಂಬ ರಣಹದ್ದುಗಳು 1987ರಲ್ಲಿ ಇಡೀ ಜಗತ್ತಿನಲ್ಲಿ 27 ಮಾತ್ರ ಉಳಿದಿದ್ದವು. ಮನುಷ್ಯರ ಮುಖ ಕಾಣದಿರಲಿ ಎಂದು ಅವುಗಳ ಮರಿಗಳಿಗೆ ರಣಹದ್ದಿನ ತಲೆಯ ಕೈಗೊಂಬೆಯಿಂದ ತಿನ್ನಿಸುತ್ತಿದ್ದರು.

ಇದನ್ನೆಲ್ಲ ಓದಿ ನಾನೂ ಹಳೆಯ ಹಾಸಿಗೆ ಹೊದಿಕೆಗೆ ಎರಡು ತೂತು ಮಾಡಿ ತಲೆ ಮೇಲಿಂದ ಹಾಕಿಕೊಂಡೆ. ಗುಬ್ಬಿ ಹೆದರಲಿಲ್ಲ, ಬಾಯಿ ಬಿಟ್ಟಿತು. ನಸುಕಿನಲ್ಲಿ ಎದ್ದ ಅಮ್ಮ ಹೆದರಿದರು. ಅವರೂ ಬಾಯಿ ಬಿಟ್ಟರು, ಅದು ಬೀದಿಗೆಲ್ಲ ಕೇಳಿಸಿತು.

ಸುದ್ದಿ ಕೇಳಿ ಮೇಡಂ ನಕ್ಕು, ತಮ್ಮಲ್ಲಿದ್ದ ಇನ್ನೊಂದು ಅನಾಥ ಗುಬ್ಬಿಮರಿಯನ್ನು ತಂದು ಜೊತೆಗೆ ಬಿಟ್ಟರು. ಗುಬ್ಬಿಗೆ ತಾನು ಗುಬ್ಬಿ ಎಂದು ಗೊತ್ತಾಗಲು ಇನ್ನೊಂದು ಗುಬ್ಬಿಯೇ ಬೇಕು, ಹೊದಿಕೆ ಸಾಲದು. ಅಮ್ಮ ಮಾತ್ರ ನನಗೆ ಗೊತ್ತಿಲ್ಲದಂತೆ ಒಂದಕ್ಕೆ "ಪುಟ್ಟಣ್ಣ" ಎಂದು ಹೆಸರಿಟ್ಟಿದ್ದರು.

ತಿಂಗಳಾಗುತ್ತಾ ಬಂದಾಗ ಎರಡೂ ತಾವೇ ಹೆಕ್ಕಿ ತಿನ್ನಲು ಕಲಿತವು. ಪಂಜರವನ್ನು ಹೊರಗಿಟ್ಟು, ಗಾಳಿ ಮಳೆ ಬಿಸಿಲಿಗೆ ಕೆಲವು ದಿನ ಒಗ್ಗಿಸಿ, ಒಂದು ಒಳ್ಳೆಯ ಬೆಳಿಗ್ಗೆ ಬಾಗಿಲು ತೆರೆದೆ. ಒಂದು ಸೀದಾ ಮರಕ್ಕೆ ಹಾರಿತು. ಪುಟ್ಟಣ್ಣ ಸೀದಾ ನನ್ನ ತಲೆಗೆ ಹಾರಿದ. ಒಂದು ತಿಂಗಳ ತಪಸ್ಸು ತಲೆಯ ಮೇಲೆ ಕೂತಿತ್ತು! "ಹುಶ್, ಹೋಗೋ" ಎಂದು ಕುಣಿದೆ. ಆರ್ಚಿಬಾಲ್ಡ್ ಹತ್ತಿರ ಬಾ ಎಂದು ಕುಣಿದರು, ನಾನು ದೂರ ಹೋಗು ಎಂದು ಕುಣಿದೆ. ಅವನು ಹೋಗುವ ಮುಂಚೆ ತಲೆ ಮೇಲೆ ಒಂದು ಗುರುತು ಬಿಟ್ಟು ಹೋದ. ಈಗ ಅದು ಚೀಲದಲ್ಲಿ ಪ್ಯಾಕ್ ಆಗಿ ಬರುವ ವಯಸ್ಸಲ್ಲ.

ಬಿಟ್ಟ ಮೇಲೂ ಕೆಲವು ದಿನ ಊಟ ಇಡಬೇಕು. ಐದನೇ ದಿನ ತಟ್ಟೆ ಹಿಡಿದು ಹೊರಗೆ ಬಂದರೆ ಆರೇಳು ಗುಬ್ಬಿಗಳ ಗುಂಪು. ನನ್ನನ್ನು ನೋಡಿದ್ದೇ ತಡ, ಎಲ್ಲವೂ ಭುರ್ರನೆ ಎದ್ದವು. ಎಲ್ಲಕ್ಕಿಂತ ಮೊದಲು ಎದ್ದವನು ಪುಟ್ಟಣ್ಣ ಎಂದು ಅಮ್ಮ ಆಣೆ ಮಾಡಿ ಹೇಳುತ್ತಾರೆ.

"ತಿಂಗಳು ತಿನ್ನಿಸಿದ್ದೀಯ, ತಿರುಗಿ ಕೂಡ ನೋಡ್ಲಿಲ್ಲ" ಎಂದರು. "ನಿನ್ನ ಮಗನೇ ಸರಿ."

ಹಿಗ್ಗಿಹೋದೆ. ಮೇಡಂಗೆ ಹೇಳೋಣ ಎಂದು ಫೋನ್ ತೆಗೆದರೆ ಅದೇ ಹೊಡೆದುಕೊಂಡಿತು. ಬಿಸ್ಕತ್ತಿನ ಹುಡುಗಿ.

"ಸರ್, ನಿಮ್ಮ ಬೆಕ್ಕು ಈಗ ಹೇಗಿದೆ?"

"ಹಾರಿಹೋಯ್ತಮ್ಮ" ಎಂದೆ.